ಹಳೇ ಸೈಕಲ್ಲಿಗೆ ಹೊಸ ಗೇರು: ಕೊಳ್ಳುವ ಮುಂಚೆ ಎಣಿಸಿ, ಅಳೆಯಿರಿ

ತುವಾಸ್, ಕ್ರಾಂಜಿ, ಪುಂಗೋಲ್ ಕಡೆಯ ಯಾವ ಡಾರ್ಮಿಟರಿಗೆ ಹೋದರೂ ಸ್ಟ್ಯಾಂಡಿನಲ್ಲಿ ಹತ್ತಾರು ಸೈಕಲ್ ಕಾಣುತ್ತವೆ. ಹೆಚ್ಚಿನವು ಸೆಕೆಂಡ್ ಹ್ಯಾಂಡ್. ಊರಿಗೆ ವಾಪಸು ಹೊರಟವರು ಬಿಟ್ಟುಕೊಟ್ಟದ್ದು, ಇಲ್ಲವೇ ಆ್ಯಪ್ ನೋಡಿ ಕಡಿಮೆ ರೇಟಿಗೆ ಕೊಂಡದ್ದು. ವಾರವೆಲ್ಲ ಸೈಟಿಗೆ ಹೋಗಿಬರಲು, ಅಂಗಡಿಯಿಂದ ಅಕ್ಕಿ ತರಲು ಅದೇ ಗಾಡಿ. ಭಾನುವಾರ ರಜೆ ಸಿಕ್ಕರೆ ಊಟದ ಡಬ್ಬಿ, ನೀರು, ಮಳೆಕೋಟು ಕಟ್ಟಿಕೊಂಡು ದೂರ ಹೋಗಲೂ ಅದೇ.

ಕಷ್ಟ ಶುರುವಾಗೋದು ಗೇರು ಕೆಟ್ಟಾಗ. ನಮ್ಮ ಪರಿಚಯದ ಒಬ್ಬರು 8 ಸ್ಪೀಡಿನ ಸೈಕಲ್ಲಿಗೆ, ನೋಡಲು ಚೆನ್ನಾಗಿದೆ ಅಂತ 10 ಸ್ಪೀಡಿನ ಮೌಂಟೇನ್ ಡಿರೇಲರ್ ತಂದರು. ಬೋಲ್ಟು ಕೂತಿತು, ಕೇಬಲ್ಲೂ ಕೂತಿತು, ಗೇರು ಮಾತ್ರ ಒಂದೂ ಸರಿಯಾಗಿ ಕೂರಲಿಲ್ಲ. ಹಾಕಿ ಬಿಚ್ಚಿದ ಸಾಮಾನನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ. ಎರಡು ದಿನದ ಓವರ್‌ಟೈಮ್ ದುಡ್ಡು ನೀರಿಗೆ ಹೋಯಿತು. ಆ ದುಡ್ಡು ಊರಿಗೆ ಹೋಗಬೇಕಾದದ್ದು. ಅದಕ್ಕೇ ಈ ಲೇಖನ. ಯಾವ ಭಾಗ ಯಾವುದಕ್ಕೆ ಕೂಡುತ್ತದೆ, ಯಾವುದು ಕೂಡಲ್ಲ, ಎಲ್ಲಿ ದುಡ್ಡು ಹಾಕಬೇಕು, ಎಲ್ಲಿ ಹಾಕಬಾರದು ಅನ್ನೋದನ್ನ ಒಂದೊಂದಾಗಿ ನೋಡೋಣ.

ಮೊದಲು ಎಲ್ಲಿಗೆ ಹೋಗುತ್ತೀರಿ ಹೇಳಿ

ನಮ್ಮಲ್ಲಿ ಎಷ್ಟೋ ಜನ ಊರಲ್ಲಿ ಓಡಿಸಿದ್ದು ಒಂದೇ ಗೇರಿನ ಸೈಕಲ್ಲು. ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಸೈಕಲ್ಲಿಗೆ ಮುಂದೊಂದು ಚಕ್ರ, ಹಿಂದೊಂದು ಫ್ರೀವೀಲ್, ನಡುವೆ ದಪ್ಪ ಚೈನು, ಅಷ್ಟೆ. ಇಲ್ಲಿಯ ಸೈಕಲ್ಲಿನಲ್ಲಿ 21, 24, 27 ಗೇರು ನೋಡಿದಾಗ, ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನಿಸೋದು ಸಹಜ. ಅದು ನಿಜವಲ್ಲ.

ಸಿಂಗಾಪುರದ ಅತಿ ಎತ್ತರದ ಜಾಗ ಬುಕಿತ್ ತಿಮಾ ಬೆಟ್ಟ, ಸುಮಾರು 164 ಮೀಟರ್. ನಮ್ಮ ನಂದಿಬೆಟ್ಟ 1478 ಮೀಟರ್. ರೈಲ್ ಕಾರಿಡಾರ್, ಅಂದರೆ 2011ರ ಜೂನ್ 30ರವರೆಗೆ ಮಲಯಾ ರೈಲು ಓಡುತ್ತಿದ್ದ 24 ಕಿ.ಮೀ. ಹಾದಿ, ಹೆಚ್ಚುಕಡಿಮೆ ಸಮತಟ್ಟು. ಪಾರ್ಕ್ ಕನೆಕ್ಟರ್‌ಗಳೂ ಹಾಗೇ. ಸೈಕಲ್ ಪಥದಲ್ಲಿ ವೇಗದ ಮಿತಿ ಗಂಟೆಗೆ 25 ಕಿ.ಮೀ., ಫುಟ್‌ಪಾತಿನಲ್ಲಿ 10 ಕಿ.ಮೀ. ಇಷ್ಟಕ್ಕೆ ಎಷ್ಟು ಗೇರು ಬೇಕು?

ಲೆಕ್ಕ ಹಾಕೋದು ಸುಲಭ. ಮುಂದಿನ ಚಕ್ರದ ಹಲ್ಲನ್ನು ಹಿಂದಿನ ಚಕ್ರದ ಹಲ್ಲಿನಿಂದ ಭಾಗಿಸಿ, ಗಾಲಿಯ ಸುತ್ತಳತೆಯಿಂದ ಗುಣಿಸಿ. ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಎಷ್ಟು ಮೀಟರ್ ಹೋಗುತ್ತೆ ಅನ್ನೋದು ಸಿಗುತ್ತದೆ. ಗಾಲಿ ಸುತ್ತಳತೆ 2.15 ಮೀಟರ್ ಅಂದುಕೊಳ್ಳಿ. ಮುಂದೆ 38 ಹಲ್ಲು, ಹಿಂದೆ 11ರಿಂದ 34 ಹಲ್ಲು ಇದ್ದರೆ, ಹಗುರ ಗೇರಿನಲ್ಲಿ ಸುಮಾರು 2.4 ಮೀಟರ್, ಭಾರದ ಗೇರಿನಲ್ಲಿ ಸುಮಾರು 7.4 ಮೀಟರ್. ನಿಮಿಷಕ್ಕೆ 80 ಸುತ್ತು ತುಳಿದರೆ ಭಾರದ ಗೇರಿನಲ್ಲಿ ಗಂಟೆಗೆ 35 ಕಿ.ಮೀ. ದಾಟುತ್ತೆ. ಅಂದರೆ ಈ ದ್ವೀಪದೊಳಗೆ ಸುತ್ತಾಡಲು ಮುಂದೆ ಒಂದೇ ಚಕ್ರ ಸಾಕು.

ಹಾಗಾಗಿ ಮುಂದಿನ ಶಿಫ್ಟರ್ ಕೆಟ್ಟಿದ್ದರೆ ಹೊಸದು ಕೊಳ್ಳಲೇಬೇಕು ಅಂತಿಲ್ಲ. ಮುಂದಿನ ಡಿರೇಲರ್‌ನ ಲಿಮಿಟ್ ಸ್ಕ್ರೂ ತಿರುಗಿಸಿ ಅದನ್ನು ನಡು ಚಕ್ರದ ಮೇಲೇ ನಿಲ್ಲಿಸಿ. ಚೈನು ಜಾರದಂತೆ ಅದೇ ಕಾಯುತ್ತೆ. ಖರ್ಚು ಸೊನ್ನೆ.

ಮೂರು ಚಕ್ರ ಬೇಕಾಗೋದು ಮುಂದೆ ಒಂದು ದಿನ ಬ್ಯಾಗು ಹೇರಿಕೊಂಡು ಮಲೇಷ್ಯಾದ ಗುಡ್ಡಗಳ ಕಡೆಗೋ, ಊರಿಗೆ ಸಾಗಿಸಿ ನಮ್ಮ ಘಟ್ಟಗಳಲ್ಲೋ ಓಡಿಸುವ ಆಸೆ ಇದ್ದವರಿಗೆ. ಆಗ ಮುಂದೆ 28 ಹಲ್ಲು, ಹಿಂದೆ 34 ಹಲ್ಲು ಇದ್ದರೆ ಒಂದು ಸುತ್ತಿಗೆ ಸುಮಾರು 1.8 ಮೀಟರ್. ಹೊರೆ ಇದ್ದರೂ ಕೂತುಕೊಂಡೇ ಏರಬಹುದು.

ಮನೆ ಯಜಮಾನ ಹಿಂದಿನ ಹಬ್

ಭಾಗಗಳನ್ನು ಕೂಡಿಸುವಾಗ ಒಂದು ಕ್ರಮ ಇದೆ. ಬದಲಿಸಲು ಯಾವುದು ದುಬಾರಿಯೋ ಅದು ಹೇಳಿದಂತೆ ಉಳಿದವು ಕೇಳಬೇಕು. ಮೊದಲು ಹಿಂದಿನ ಗಾಲಿಯ ಹಬ್, ಆಮೇಲೆ ಹಲ್ಲುಚಕ್ರಗಳ ಗೊಂಚಲು, ಆಮೇಲೆ ಶಿಫ್ಟರ್, ಆಮೇಲೆ ಡಿರೇಲರ್, ಕೊನೆಗೆ ಚೈನು.

ಹಿಂದಿನ ಗೊಂಚಲು ಎರಡು ಥರ. ಒಂದು ಫ್ರೀವೀಲ್, ಹಬ್ಬಿನ ಮೇಲೆ ಮರೆಯಂತೆ ತಿರುಗಿಸಿ ಕೂರಿಸುವುದು. ಇನ್ನೊಂದು ಕ್ಯಾಸೆಟ್, ಹಬ್ಬಿನ ಗಾಡಿಗೆರೆಗಳ ಮೇಲೆ ಜಾರಿಸಿ ಲಾಕ್‌ರಿಂಗ್ ಬಿಗಿಯುವುದು. ಯಾವುದು ಅಂತ ತಿಳಿಯಲು ಗಾಲಿ ಬಿಚ್ಚಿ ಹಲ್ಲುಚಕ್ರವನ್ನು ಹಿಂದಕ್ಕೆ ತಿರುಗಿಸಿ. ಸ್ಪ್ಯಾನರ್ ಕೂರುವ ನಡುವಿನ ಕಚ್ಚು ಕೂಡ ಹಲ್ಲಿನ ಜೊತೆ ತಿರುಗಿದರೆ ಕ್ಯಾಸೆಟ್, ಅದು ನಿಂತೇ ಇದ್ದು ಹಲ್ಲು ಮಾತ್ರ ತಿರುಗಿದರೆ ಫ್ರೀವೀಲ್.

ಒಂದರ ಜಾಗದಲ್ಲಿ ಇನ್ನೊಂದು ಕೂರಲ್ಲ. ಸೈಟಿಗೆ ಹೋಗಿಬರಲು 7 ಸ್ಪೀಡಿನ ಫ್ರೀವೀಲ್ ಧಾರಾಳವಾಗಿ ಸಾಕು, ಅದು ಅಗ್ಗ ಕೂಡ. ಆದರೆ ಹಿಂದೆ ಕ್ಯಾರಿಯರ್ ಹಾಕಿ ಭಾರ ಹೇರುವವರು ಒಂದು ಮಾತು ಗಮನಿಸಿ. ಫ್ರೀವೀಲ್ ಹಬ್ಬಿನಲ್ಲಿ ಬಲಗಡೆಯ ಬೇರಿಂಗ್ ತುಂಬಾ ಒಳಗೆ ಇರುತ್ತದೆ. ಅದರಿಂದ ಆಚೆ ಆಕ್ಸಲ್ ಆಸರೆ ಇಲ್ಲದೆ ಚಾಚಿರುತ್ತದೆ, ಭಾರಕ್ಕೆ ಬಾಗುತ್ತೆ, ಕೆಲವೊಮ್ಮೆ ಮುರಿಯುತ್ತೆ. ಕ್ಯಾಸೆಟ್ ಹಬ್ಬಿನಲ್ಲಿ ಬೇರಿಂಗ್ ಹೊರತುದಿಗೆ ಇರುವುದರಿಂದ ಆ ಕಾಟ ಕಡಿಮೆ. ಹೊರೆ ಹಾಕಿ ದೂರ ಹೋಗೋರು ಗೇರಿಗೆ ದುಡ್ಡು ಸುರಿಯುವ ಬದಲು, ಕ್ಯಾಸೆಟ್ ಹಬ್ ಇರುವ ಒಂದು ಒಳ್ಳೆ ಸೆಕೆಂಡ್ ಹ್ಯಾಂಡ್ ಗಾಲಿಗೆ ಹಾಕಲಿ.

ಗಾಲಿ ಕೊಳ್ಳುವಾಗ ಫ್ರೇಮಿನ ಹಿಂದಿನ ಎರಡು ಕಾಲುಗಳ ನಡುವಿನ ಒಳ ಅಂತರ ಅಳೆಯಿರಿ. ಹಳೆಯ ಮೌಂಟೇನ್ ಸೈಕಲ್ಲಿನಲ್ಲಿ 135 ಮಿ.ಮೀ., ರೋಡ್ ಸೈಕಲ್ಲಿನಲ್ಲಿ 130 ಮಿ.ಮೀ. ಸಾಮಾನ್ಯ. ಹಬ್ಬಿನ ಅಳತೆಯೂ ಅದೇ ಇರಬೇಕು. ಅಲ್ಯೂಮಿನಿಯಂ ಫ್ರೇಮನ್ನು ಎಳೆದು ಅಗಲಿಸಲು ಹೋಗಬೇಡಿ, ಬಿರುಕು ಬಿಡುತ್ತೆ.

ಶಿಮಾನೊದ 8, 9, 10 ಸ್ಪೀಡ್ ಕ್ಯಾಸೆಟ್‌ಗಳು ಒಂದೇ ಅಳತೆಯ ಹಬ್ಬಿನ ಮೇಲೆ ಕೂರುತ್ತವೆ. ಅದೇ ಹಬ್ಬಿನ ಮೇಲೆ 7 ಸ್ಪೀಡ್ ಕ್ಯಾಸೆಟ್ ಹಾಕಬೇಕಾದರೆ 4.5 ಮಿ.ಮೀ. ಸ್ಪೇಸರ್ ಮೊದಲು ಹಾಕಬೇಕು. ರೋಡ್ ಸೈಕಲ್ಲಿನ 11 ಸ್ಪೀಡ್ ಹಬ್ ಸಿಕ್ಕಿದ್ದರೆ, 8 ಅಥವಾ 9 ಸ್ಪೀಡ್ ಕ್ಯಾಸೆಟ್ಟಿಗೆ 1.85 ಮಿ.ಮೀ. ಸ್ಪೇಸರ್ ಸಾಕು.

ಶಿಫ್ಟರ್ ಮತ್ತು ಡಿರೇಲರ್: ಒಂದೇ ಬಳಗ ಇರಲಿ

ಶಿಫ್ಟರ್ ಒಂದು ಸಲ ಕ್ಲಿಕ್ ಅಂದರೆ ಇಷ್ಟು ಮಿ.ಮೀ. ಕೇಬಲ್ ಎಳೆಯುತ್ತೆ. ಅಷ್ಟು ಎಳೆತಕ್ಕೆ ಡಿರೇಲರ್ ಚೈನನ್ನು ಪಕ್ಕದ ಹಲ್ಲುಚಕ್ರಕ್ಕೆ ಸರಿಯಾಗಿ ತಳ್ಳಬೇಕು. ಈ ಲೆಕ್ಕ ಕಂಪನಿಯಿಂದ ಕಂಪನಿಗೆ, ಬಳಗದಿಂದ ಬಳಗಕ್ಕೆ ಬೇರೆ. ಇದು ಕೂಡದಿದ್ದರೆ ಎಷ್ಟು ಟ್ಯೂನ್ ಮಾಡಿದರೂ ಅಷ್ಟೆ.

ನೆನಪಿಡಬೇಕಾದದ್ದು ಮೂರೇ ಮಾತು.

1. ಶಿಫ್ಟರಿನ ಸ್ಪೀಡೂ ಕ್ಯಾಸೆಟ್ಟಿನ ಸ್ಪೀಡೂ ಒಂದೇ ಇರಬೇಕು. 8ಕ್ಕೆ 8, 9ಕ್ಕೆ 9.

2. ಶಿಮಾನೊದ 7, 8, 9 ಸ್ಪೀಡಿನ ಹಿಂದಿನ ಡಿರೇಲರ್‌ಗಳು ಒಂದೇ ಬಳಗ. ಮೌಂಟೇನ್ ಆಗಲಿ ರೋಡ್ ಆಗಲಿ ಅದಲುಬದಲು ಮಾಡಬಹುದು. 9 ಸ್ಪೀಡಿನ ಡಿರೇಲರ್ 8 ಸ್ಪೀಡ್ ಶಿಫ್ಟರ್ ಜೊತೆ ಚೆನ್ನಾಗಿಯೇ ನಡೆಯುತ್ತದೆ.

3. ಶಿಮಾನೊದ 10 ಸ್ಪೀಡ್ ಮೌಂಟೇನ್ ಡಿರೇಲರ್, ಸ್ರಾಮ್ ಕಂಪನಿಯ ಡಿರೇಲರ್, 2023ರಲ್ಲಿ ಬಂದ ಶಿಮಾನೊ ಕ್ಯೂಸ್ ಇವು ಬೇರೆ ಬೇರೆ ಬಳಗ. ಹೊಸದು, ಹೊಳೆಯುತ್ತಿದೆ, ರೇಟು ಕಡಿಮೆ ಅಂತ ತಂದರೆ ನಿಮ್ಮ ಹಳೇ ಶಿಫ್ಟರ್ ಜೊತೆ ಕೂಡಲ್ಲ.

ಇನ್ನೊಂದು ದಾರಿ ಇದೆ. ಕ್ಲಿಕ್ ಇಲ್ಲದ ಫ್ರಿಕ್ಷನ್ ಶಿಫ್ಟರ್. ಬೆರಳಿನಿಂದ ಎಳೆದಷ್ಟು ಕೇಬಲ್ ಹೋಗುತ್ತೆ, ಗೇರು ಕೂತದ್ದು ಸದ್ದಿನಲ್ಲೇ ಗೊತ್ತಾಗುತ್ತೆ. ಎರಡು ದಿನ ಅಭ್ಯಾಸ ಬೇಕು ಅಷ್ಟೆ. ಅದಕ್ಕೆ ಬಳಗದ ಭೇದ ಕಡಿಮೆ, ಕೆಡುವ ಸಾಮಾನೂ ಕಡಿಮೆ. ದೂರ ಪ್ರಯಾಣದವರು ಇಂದಿಗೂ ಅದನ್ನು ಇಷ್ಟಪಡುವುದು ಇದಕ್ಕೇ.

ಡಿರೇಲರ್ ಎಷ್ಟು ಚೈನು ಸೆಳೆದು ಹಿಡಿಯಬಲ್ಲದು ಅನ್ನೋದಕ್ಕೂ ಮಿತಿ ಇದೆ. ಇದಕ್ಕೆ ಕೆಪ್ಯಾಸಿಟಿ ಅನ್ನುತ್ತಾರೆ. ಮುಂದಿನ ದೊಡ್ಡ ಚಕ್ರದಿಂದ ಚಿಕ್ಕದನ್ನು ಕಳೆಯಿರಿ, ಹಿಂದಿನದರಲ್ಲೂ ಹಾಗೇ ಕಳೆಯಿರಿ, ಎರಡನ್ನೂ ಕೂಡಿಸಿ. ಮುಂದೆ 48-38-28, ಹಿಂದೆ 11-34 ಇದ್ದರೆ 20ಕ್ಕೆ 23 ಸೇರಿ 43. ಶಿಮಾನೊ ಆಲ್ಟಸ್ ಎಂ310ರ ಮಿತಿ ಸರಿಯಾಗಿ 43, ದೊಡ್ಡ ಹಲ್ಲುಚಕ್ರ 34ರವರೆಗೆ. ಹಾಗಾಗಿ ಈ ಅಗ್ಗದ ಡಿರೇಲರ್ರೇ ಸಾಕು. ಗಿಡ್ಡ ಕೇಜಿನ ರೋಡ್ ಡಿರೇಲರ್ ಇಷ್ಟನ್ನು ತಾಳಲ್ಲ, ಚೈನು ಜೋತುಬೀಳುತ್ತೆ ಇಲ್ಲವೇ ಬಿಗಿದು ಡಿರೇಲರ್ ಕಿತ್ತುಬರುತ್ತೆ.

ಚೈನು: ಇಲ್ಲಿ ಜಿಪುಣತನ ಬೇಡ

ಗೇರಿನ ಸೈಕಲ್ಲಿನ ಚೈನೆಲ್ಲ ನೋಡಲು ಒಂದೇ. ಪಿನ್ನಿಂದ ಪಿನ್ನಿಗೆ ಅರ್ಧ ಇಂಚು. ಬದಲಾಗೋದು ಅಗಲ. 6, 7, 8 ಸ್ಪೀಡಿಗೆ ಒಂದೇ ಚೈನು ನಡೆಯುತ್ತದೆ, ಹೊರಗಿನ ಅಗಲ ಸುಮಾರು 7.1 ಮಿ.ಮೀ. ಇನ್ನು 9 ಸ್ಪೀಡಿನದು ಸುಮಾರು 6.6, 10 ಸ್ಪೀಡಿನದು ಸುಮಾರು 5.9. ಕ್ಯಾಸೆಟ್ ಎಷ್ಟು ಸ್ಪೀಡೋ ಚೈನೂ ಅಷ್ಟರದ್ದೇ ಕೊಳ್ಳಿ. ಸ್ಪೀಡ್ ಹೆಚ್ಚಿದಷ್ಟೂ ಚೈನು ತೆಳು, ರೇಟು ಜಾಸ್ತಿ. ಬಜೆಟ್ ನೋಡೋರಿಗೆ 8 ಸ್ಪೀಡ್ ಲೇಸು ಅನ್ನಲು ಇದೂ ಒಂದು ಕಾರಣ.

ಸವೆತ ನೋಡಲು ಬೇರೆ ಟೂಲ್ ಬೇಡ, ನಿಮ್ಮ ಸೈಟಿನ ಸ್ಟೀಲ್ ಸ್ಕೇಲ್ ಸಾಕು. ಒಂದು ಪಿನ್ನಿನ ನಡುವಿಗೆ ಸೊನ್ನೆ ಹಿಡಿದು ಅಲ್ಲಿಂದ 24ನೇ ಪಿನ್ ಎಲ್ಲಿದೆ ನೋಡಿ. ಹೊಸ ಚೈನಿನಲ್ಲಿ ಸರಿಯಾಗಿ 12 ಇಂಚು, ಅಂದರೆ 304.8 ಮಿ.ಮೀ. ಇದು 306.4 ಆದರೆ ಚೈನು ಬದಲಿಸಿ. 308ರ ಹತ್ತಿರ ಹೋಗಿದ್ದರೆ ಸವೆದ ಚೈನು ಕ್ಯಾಸೆಟ್ಟಿನ ಹಲ್ಲನ್ನೂ ತಿಂದಿರುತ್ತದೆ, ಎರಡನ್ನೂ ಒಟ್ಟಿಗೇ ಬದಲಿಸಬೇಕು. ಸಮಯಕ್ಕೆ ಸರಿಯಾಗಿ ಒಂದು ಚೈನು ಬದಲಿಸಿದವರ ಕ್ಯಾಸೆಟ್ ಹೆಚ್ಚು ಕಾಲ ಬಾಳುತ್ತೆ.

ಇಲ್ಲಿ ಮಳೆ ಯಾವಾಗ ಬರುತ್ತೋ ಹೇಳಕ್ಕಾಗಲ್ಲ. ನೆನೆದ ದಿನ ಒಣಬಟ್ಟೆಯಲ್ಲಿ ಒರೆಸಿ, ಕೊಂಡಿಗೊಂದು ಹನಿಯಂತೆ ಎಣ್ಣೆ ಬಿಟ್ಟು, ಹೆಚ್ಚಾದದ್ದನ್ನು ಒರೆಸಿ. ಎಂಆರ್‌ಟಿಯಲ್ಲಿ ಮಡಚುವ ಸೈಕಲ್ಲಿಗೆ ಮಾತ್ರ ಅವಕಾಶ. ಚಾಂಗಿಯಲ್ಲಿ ಚೈನು ತುಂಡಾದರೆ ತುವಾಸಿನವರು ನಲವತ್ತು ಕಿ.ಮೀ.ಗೂ ಮೇಲೆ ತಳ್ಳಿಕೊಂಡು ಬರಬೇಕಾಗುತ್ತೆ. ಅದಕ್ಕೆ ಬ್ಯಾಗಿನಲ್ಲಿ ಒಂದು ಚೈನ್ ಟೂಲ್, ನಿಮ್ಮ ಸ್ಪೀಡಿನ ಒಂದು ಕ್ವಿಕ್ ಲಿಂಕ್ ಇರಲಿ.

ಪೆಡಲ್ ಕಡೆ ಮುಟ್ಟುವ ಮುಂಚೆ

ಕ್ರ್ಯಾಂಕ್ ಹಿಡಿದು ಅಲ್ಲಾಡಿಸಿ. ಆಟ ಇಲ್ಲ, ಸದ್ದು ಇಲ್ಲ ಅಂದರೆ ಬಿಬಿ ಬದಲಿಸಬೇಡಿ. ಬದಲಿಸಲೇಬೇಕಾದರೆ ಹಳೆಯದರ ಮೇಲೆ ಬರೆದ ಅಳತೆ ನೋಡಿ. 68-122.5 ಅಂತಿದ್ದರೆ ಮೊದಲನೆಯದು ಫ್ರೇಮಿನ ಕೊಳವೆಯ ಅಗಲ, ಎರಡನೆಯದು ಆಕ್ಸಲ್ ಉದ್ದ. ಎರಡೂ ಅದೇ ಇರುವುದನ್ನೇ ತನ್ನಿ. ಆಕ್ಸಲ್ ಉದ್ದ ಬದಲಾದರೆ ಚೈನು ಓರೆಯಾಗಿ ಓಡುತ್ತೆ. ಬಹುತೇಕ ಸೈಕಲ್ಲುಗಳಲ್ಲಿ ಬಿಬಿಯ ಬಲಗಡೆ ಮರೆ ಉಲ್ಟಾ. ಪೆಡಲ್ಲಿನಲ್ಲಿ ಎಡಗಡೆಯದು ಉಲ್ಟಾ. ಇದು ಗೊತ್ತಿಲ್ಲದೆ ಬಲ ಹಾಕಿದರೆ ಮರೆ ಹಾಳಾಗುತ್ತೆ.

ಸಾಮಾನು ಎಲ್ಲಿಂದ?

ಗುರುತಿನವರಿಂದ ಕೊಂಡರೂ ಒಂದು ಮೆಸೇಜು, ದುಡ್ಡು ಕೊಟ್ಟ ದಾಖಲೆ ಫೋನಿನಲ್ಲಿ ಇಟ್ಟುಕೊಳ್ಳಿ. ಎಂಆರ್‌ಟಿ ಸ್ಟೇಷನ್ ಬಳಿ, ಬ್ಲಾಕಿನ ಕೆಳಗೆ ತುಕ್ಕು ಹಿಡಿದು ನಿಂತ ಸೈಕಲ್ ಎಷ್ಟೋ ಕಾಣುತ್ತವೆ. ಯಾರದ್ದೂ ಅಲ್ಲ ಅಂದುಕೊಂಡು ಒಂದು ಸ್ಕ್ರೂ ಕೂಡ ಬಿಚ್ಚಬೇಡಿ. ಇನ್ನೊಬ್ಬರ ಸೊತ್ತನ್ನು ಹಾಗೆ ತೆಗೆದುಕೊಳ್ಳುವುದು ಇಲ್ಲಿ ಅಪರಾಧ. ಬಾಡಿಗೆ ಸೈಕಲ್ಲಿನ ಭಾಗಗಳೂ ಅಷ್ಟೆ. ಒಂದು ಹಳೇ ಡಿರೇಲರ್‌ಗಾಗಿ ಕೆಲಸ, ಪರ್ಮಿಟ್ ಎರಡನ್ನೂ ಪಣಕ್ಕಿಡೋದು ಬೇಡ. ಹಾಗೇ, ಮೋಟಾರ್ ಕಿಟ್ ಕೂರಿಸಿ ಓಡಿಸುವ ಯೋಚನೆಯೂ ಬೇಡ. ರಸ್ತೆಗೆ ಇಳಿಯುವವರಿಗೆ ಹೆಲ್ಮೆಟ್ 2019ರಿಂದ ಕಡ್ಡಾಯ. ಕತ್ತಲಾದ ಮೇಲೆ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಬೇಕು. ಗೇರಿಗಿಂತ ಮುಂಚೆ ದುಡ್ಡು ಹೋಗಬೇಕಾದ್ದು ಬ್ರೇಕಿಗೆ, ಹೆಲ್ಮೆಟ್ಟಿಗೆ, ದೀಪಕ್ಕೆ.

ಅಂಗಡಿಗೆ ಹೋಗುವ ಮುಂಚೆ ಬರೆದುಕೊಳ್ಳಿ

ಹಿಂದೆ ಎಷ್ಟು ಹಲ್ಲುಚಕ್ರ, ಚಿಕ್ಕದಕ್ಕೂ ದೊಡ್ಡದಕ್ಕೂ ಎಷ್ಟೆಷ್ಟು ಹಲ್ಲು
ಫ್ರೀವೀಲೋ ಕ್ಯಾಸೆಟ್ಟೋ
ಮುಂದಿನ ಚಕ್ರಗಳ ಹಲ್ಲು
ಶಿಫ್ಟರ್ ಮತ್ತು ಡಿರೇಲರ್ ಮೇಲಿನ ಕಂಪನಿ ಹೆಸರು, ಕೋಡ್ ನಂಬರ್
ಫ್ರೇಮಿನ ಹಿಂದಿನ ಅಂತರ
ಚೈನಿನ 24 ಪಿನ್ನಿನ ಅಳತೆ

ಫೋಟೊ ತೆಗೆದುಕೊಳ್ಳಿ, ಸಾಧ್ಯವಾದರೆ ಬಿಚ್ಚಿದ ಹಳೇ ಭಾಗವನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ. ಬೇಕಾದ ಹೊಸ ಸಾಮಾನಿನ ಒಟ್ಟು ಬೆಲೆ, ಚೆನ್ನಾಗಿ ಓಡುವ ಇನ್ನೊಂದು ಸೆಕೆಂಡ್ ಹ್ಯಾಂಡ್ ಸೈಕಲ್ಲಿನ ಬೆಲೆಯ ಅರ್ಧ ದಾಟಿತು ಅಂದರೆ ಅಲ್ಲಿಗೆ ನಿಲ್ಲಿಸಿ ಯೋಚಿಸಿ. ಹಲವು ಸಲ ಬೇಕಾಗಿರೋದು ಒಂದು ಚೈನು, ಒಂದು ಕೇಬಲ್, ಒಂದು ಗಂಟೆಯ ಒರೆಸುವ ಕೆಲಸ ಮಾತ್ರ.

ಮುಂದಿನ ತಿಂಗಳು ಬ್ರೇಕಿನ ವಿಷಯ ಬರೆಯುತ್ತೇವೆ. ಅಲ್ಲಿಯವರೆಗೆ ಈ ಪುಟವನ್ನು ರೂಮಿನಲ್ಲಿ ಸೈಕಲ್ ಇರುವ ಇನ್ನೊಬ್ಬರಿಗೂ ಓದಲು ಕೊಡಿ.