ಗುರುಮಠ ಬಿಟ್ಟುಹೋದವನು ಮತ್ತು ನನ್ನ ಮೊದಲ ಮತ

"ರಾಜಕೀಯ ನಮಗೇಕೆ?" ಎಂಬ ಮಾತು ನಮ್ಮ ಕಥೋಲಿಕ ಮನೆಗಳಲ್ಲಿ ಬಹು ಸಲೀಸಾಗಿ ಬಾಯಿಗೆ ಬರುವ ಮಾತು. ಚುನಾವಣೆ ಘೋಷಣೆಯಾದ ಭಾನುವಾರ ಬಲಿಪೂಜೆ ಮುಗಿದ ಬಳಿಕ ದೇವಾಲಯದ ಅಂಗಳದಲ್ಲಿ ಹತ್ತು ನಿಮಿಷ ಚರ್ಚೆ ನಡೆಯುವುದುಂಟು. ಕೊನೆಗೆ ಹಿರಿಯರೊಬ್ಬರು ಈ ಮಾತನ್ನಾಡಿ ಎಲ್ಲರನ್ನೂ ಮನೆಗೆ ಕಳುಹಿಸಿಬಿಡುತ್ತಾರೆ. ನಾನೂ ಎಷ್ಟೋ ಸಲ ಹೀಗೆಯೇ ಹೇಳಿದ್ದೇನೆ. ಆದರೆ ಹಾಗೆ ಹೇಳಿದಾಗಲೆಲ್ಲ 1984ರ ಡಿಸೆಂಬರ್ ತಿಂಗಳು ನೆನಪಾಗಿ ನಾಲಿಗೆ ತುಸು ತಡವರಿಸುತ್ತದೆ.

ಆ ವರ್ಷ ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರದಲ್ಲಿ ನಡೆದ ಸ್ಪರ್ಧೆಯನ್ನು ಇಂದಿನ ತರುಣರು ಬಲ್ಲರೋ ಇಲ್ಲವೋ. ಕಾಂಗ್ರೆಸ್ಸಿನಿಂದ ಸಿ. ಕೆ. ಜಾಫರ್ ಷರೀಫರು ನಿಂತಿದ್ದರು. ಅವರು ಅಲ್ಲಿಯವರೆಗೆ ರೈಲ್ವೆ ಖಾತೆಯ ರಾಜ್ಯ ಸಚಿವರು. ಯಲಹಂಕದ ರೈಲ್ವೆ ಗಾಲಿ ಮತ್ತು ಅಚ್ಚು ಕಾರ್ಖಾನೆ ಉದ್ಘಾಟನೆಯಾದುದೂ ಅದೇ ವರ್ಷ. ಜನತಾ ಪಕ್ಷದಿಂದ ಅವರೆದುರು ನಿಂತವರು ಜಾರ್ಜ್ ಫರ್ನಾಂಡಿಸ್. 1974ರ ಮೇ ತಿಂಗಳಲ್ಲಿ ದೇಶದ ರೈಲುಗಳನ್ನೇ ನಿಲ್ಲಿಸಿದ ಮುಷ್ಕರದ ನಾಯಕರು. ರೈಲ್ವೆಯನ್ನು ನಡೆಸಿದವರೊಬ್ಬರು, ನಿಲ್ಲಿಸಿದವರೊಬ್ಬರು. ಇಬ್ಬರ ನಡುವೆ ಆಯ್ಕೆ ಮಾಡಬೇಕಾದವರಲ್ಲಿ ಯಶವಂತಪುರದ ಯಾರ್ಡಿನಲ್ಲಿ ದುಡಿಯುತ್ತಿದ್ದ ನಮ್ಮ ತಂದೆಯವರೂ ಒಬ್ಬರು. ನನಗೆ ಆಗ ಇಪ್ಪತ್ತೆರಡು. ಮತದಾನದ ವಯಸ್ಸು ಇನ್ನೂ ಇಪ್ಪತ್ತೊಂದಾಗಿದ್ದ ಕಾಲ. ಅದೇ ನನ್ನ ಮೊದಲ ಮತ.

ಜಾರ್ಜರಿಗೆ ನಮ್ಮ ಭಾಗ ಹೊಸದೇನಲ್ಲ. 1930ರ ಜೂನ್ 3ರಂದು ಮಂಗಳೂರಿನಲ್ಲಿ ಹುಟ್ಟಿದ ಅವರಿಗೆ, ಅದೇ ದಿನ ಹುಟ್ಟಿದ ಐದನೆಯ ಜಾರ್ಜ್ ದೊರೆಯ ಹೆಸರನ್ನು ತಾಯಿ ಇಟ್ಟರಂತೆ. ಹದಿನಾರರ ಹರೆಯದಲ್ಲಿ, 1946ರಲ್ಲಿ, ಗುರುಗಳಾಗಲೆಂದು ಮನೆಯವರು ಅವರನ್ನು ಮಲ್ಲೇಶ್ವರದ ಸಂತ ಪೇತ್ರರ ಗುರುಮಠಕ್ಕೆ ಕಳುಹಿಸಿದರು. ಯಶವಂತಪುರಕ್ಕೆ ಸಮೀಪದಲ್ಲಿಯೇ ಇರುವ ಆ ಆವರಣದಲ್ಲಿ ಅವರು ಸುಮಾರು ಎರಡೂವರೆ ವರ್ಷ ತತ್ವಶಾಸ್ತ್ರ, ಲ್ಯಾಟಿನ್ ಓದಿದರು. ಬಳಿಕ ಬಿಟ್ಟು ಹೊರಟರು. ಮೇಲಿನವರು ಎತ್ತರದ ಮೇಜಿನಲ್ಲಿ ಕುಳಿತು ಒಳ್ಳೆಯ ಊಟ ಮಾಡುತ್ತಿದ್ದುದು, ವಿದ್ಯಾರ್ಥಿಗಳಿಗೆ ಬೇರೆ ಊಟ ಬಡಿಸುತ್ತಿದ್ದುದು ತಮ್ಮ ಮನಸ್ಸನ್ನು ಕದಡಿತೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. 1949ರಲ್ಲಿ ಮುಂಬಯಿಗೆ ಹೋಗಿ ಚೌಪಾಟಿಯ ಬೆಂಚುಗಳ ಮೇಲೆ ಮಲಗಿದ ಈ ಹುಡುಗ, ಹದಿನೆಂಟು ವರ್ಷಗಳ ತರುವಾಯ ಅದೇ ನಗರದ ದಕ್ಷಿಣ ಕ್ಷೇತ್ರದಲ್ಲಿ ಎಸ್. ಕೆ. ಪಾಟೀಲರಂಥ ಘಟಾನುಘಟಿಯನ್ನು ಸೋಲಿಸಿದ ಕಥೆ ಎಲ್ಲರಿಗೂ ಗೊತ್ತು.

ಎಲ್ಲರಿಗೂ ಗೊತ್ತು, ನಿಜ. ಆದರೆ ನಮ್ಮ ಧರ್ಮಕೇಂದ್ರದಲ್ಲಿ ಅವರ ಹೆಸರಿನ ಜೊತೆಗೆ ಬರುತ್ತಿದ್ದ ಮಾತು ಒಂದೇ: "ಗುರುಮಠ ಬಿಟ್ಟುಹೋದವನು." ಈ ಮಾತಿನ ಭಾರ ಕಥೋಲಿಕರಲ್ಲದವರಿಗೆ ತಿಳಿಯಲಾರದು. ಗುರುಮಠಕ್ಕೆ ಹೋಗಿ ಮರಳಿದ ಹುಡುಗನ ಮನೆಯವರು ತಿಂಗಳುಗಟ್ಟಲೆ ದೇವಾಲಯದ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದುದನ್ನು ನಾನೇ ಕಂಡಿದ್ದೇನೆ. ದೇವರು ಕರೆದಾಗ ಹೋಗಿ, ಕರೆ ತನ್ನದಲ್ಲವೆಂದು ಅರಿತಾಗ ಪ್ರಾಮಾಣಿಕವಾಗಿ ಹಿಂದಿರುಗುವುದರಲ್ಲಿ ಅವಮಾನವೇನಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಇಂದಿಗೂ ಕೇಳುವವರು ಕಡಿಮೆಯೇ.

ಮುಷ್ಕರದ ಸಮಯದಲ್ಲಿ ನನಗೆ ಹನ್ನೆರಡು ವರ್ಷ. ಮೇ 8ರಿಂದ 27ರವರೆಗೆ, ಇಪ್ಪತ್ತು ದಿನ ತಂದೆಯವರು ಕೆಲಸಕ್ಕೆ ಹೋಗಲಿಲ್ಲ. ಮುಷ್ಕರ ಆರಂಭವಾಗುವ ಮುನ್ನವೇ ಜಾರ್ಜರನ್ನು ಬಂಧಿಸಲಾಗಿತ್ತು. ತಾಯಿಯವರು ಶೆಟ್ಟರ ಅಂಗಡಿಯಲ್ಲಿ ಅಕ್ಕಿಯನ್ನೂ ರಾಗಿಯನ್ನೂ ಸಾಲದ ಪುಸ್ತಕದಲ್ಲಿ ಬರೆಸಿ ತರುತ್ತಿದ್ದರು. ಆ ಸಾಲ ತೀರಲು ದೀಪಾವಳಿ ದಾಟಿತು. ಮರಿಯಮ್ಮನವರ ತಿಂಗಳಾದ ಮೇ ತಿಂಗಳಲ್ಲಿ ಸಂಜೆಯ ಜಪಸರ ಎಂದೂ ತಪ್ಪುತ್ತಿರಲಿಲ್ಲ. ಅದರ ಕೊನೆಯಲ್ಲಿ ಒಂದು ಪ್ರಾರ್ಥನೆ ಹೆಚ್ಚಾಗಿ ಸೇರಿತ್ತು ಎಂಬುದಷ್ಟೇ ನನ್ನ ನೆನಪು. ಮುಷ್ಕರ ಬೇಡಿಕೆ ಈಡೇರದೆಯೇ ಮುಗಿಯಿತು. ತಂದೆಯವರು ಯಾರನ್ನೂ ದೂರಲಿಲ್ಲ.

ಇಷ್ಟಾದರೂ 1984ರಲ್ಲಿ ನಾನು ಜಾರ್ಜರಿಗೆ ಮತ ನೀಡಲಿಲ್ಲ. ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಹತ್ಯೆಯಾಗಿತ್ತು. ದೇಶವೆಲ್ಲ ಕಣ್ಣೀರಿನ ಅಲೆಯಲ್ಲಿ ತೇಲುತ್ತಿತ್ತು. ಆ ಅಲೆಯಲ್ಲಿ ನಾನೂ ಇದ್ದೆ. ಅದೊಂದೇ ಕಾರಣವಾಗಿದ್ದರೆ ನನಗೆ ಸಂಕೋಚವಿರುತ್ತಿರಲಿಲ್ಲ. ಆದರೆ ಮತಗಟ್ಟೆಯ ಸಾಲಿನಲ್ಲಿ ನಿಂತಾಗ ನನ್ನ ತಲೆಯಲ್ಲಿ ಸುಳಿದದ್ದು ಆ ಹಳೆಯ ಮಾತೇ: ಗುರುಮಠ ಬಿಟ್ಟುಹೋದವನು. ಅವರ ಭಾಷಣ ಕೇಳಲು ಒಂದು ದಿನವೂ ಹೋಗಿರಲಿಲ್ಲ. ನಮ್ಮ ಮನೆಯ ಸಾಲದ ಪುಸ್ತಕಕ್ಕೂ ಆ ಮನುಷ್ಯನಿಗೂ ಇದ್ದ ಸಂಬಂಧವನ್ನು ಯೋಚಿಸಿರಲಿಲ್ಲ. ಜಾಫರ್ ಷರೀಫರು ಗೆದ್ದರು. ಕರ್ನಾಟಕದ ಇಪ್ಪತ್ತೆಂಟು ಸ್ಥಾನಗಳಲ್ಲಿ ಇಪ್ಪತ್ತನಾಲ್ಕು ಕಾಂಗ್ರೆಸ್ಸಿಗೆ ಬಂದವು. 1985ರ ಮಾರ್ಚಿನಲ್ಲಿ ಇದೇ ಮತದಾರರು ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ವಿಧಾನಸಭೆಯಲ್ಲಿ ಸ್ಪಷ್ಟ ಬಹುಮತ ಕೊಟ್ಟರು. ನಮ್ಮ ಜನ ಯೋಚಿಸುವುದಿಲ್ಲ ಎನ್ನುವವರು ಈ ಎರಡು ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಬೇಕು.

ಷರೀಫರ ಬಗ್ಗೆ ನನಗೆ ದೂರಿಲ್ಲ. 1991ರಲ್ಲಿ ರೈಲ್ವೆ ಸಚಿವರಾದ ಅವರು ಕರ್ನಾಟಕದ ಮೀಟರ್ ಗೇಜ್ ಹಳಿಗಳನ್ನು ಬ್ರಾಡ್ ಗೇಜಿಗೆ ತರಲು ಪಟ್ಟ ಶ್ರಮದ ಫಲವನ್ನು ನಾವೆಲ್ಲ ಉಂಡಿದ್ದೇವೆ. ಸೋತ ಜಾರ್ಜರೂ 1989ರಲ್ಲಿ ಅದೇ ಖಾತೆಯನ್ನು ಪಡೆದು ಕೊಂಕಣ ರೈಲ್ವೆಗೆ ಚಾಲನೆ ಕೊಟ್ಟರು. ಉತ್ತರ ಬೆಂಗಳೂರಿನ ಒಂದೇ ಮತಪತ್ರದಲ್ಲಿ ಇಬ್ಬರು ಭಾವೀ ರೈಲ್ವೆ ಸಚಿವರ ಹೆಸರಿತ್ತೆಂಬುದು ನಮಗೆಲ್ಲಿ ತಿಳಿದಿತ್ತು!

1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಎಳೆಯ ಗಂಡುಮಕ್ಕಳನ್ನು ವಾಹನದಲ್ಲಿಯೇ ಸುಟ್ಟು ಕೊಲ್ಲಲಾಯಿತು. ಆಗ ರಕ್ಷಣಾ ಸಚಿವರಾಗಿದ್ದ ಜಾರ್ಜರು ಕೇಂದ್ರದ ಸಚಿವರ ತಂಡದಲ್ಲಿ ಅಲ್ಲಿಗೆ ಹೋಗಿಬಂದರು. ಆ ತಂಡ ಕೃತ್ಯದ ಹಿಂದೆ ಅಂತಾರಾಷ್ಟ್ರೀಯ ಪಿತೂರಿಯ ಮಾತನ್ನಾಡಿತು. ಕ್ರೈಸ್ತ ಸಮುದಾಯಕ್ಕೆ ಅದು ಗಾಯದ ಮೇಲೆ ಬರೆ. ನನಗೂ ಕೋಪ ಬಂದಿತು. ಆದರೆ ಕೋಪದ ಜೊತೆಗೇ ಒಂದು ಬಗೆಯ ಸಮಾಧಾನವೂ ಮೂಡಿತೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು: "ಅಂದು ಇವರಿಗೆ ಮತ ಕೊಡದಿದ್ದುದೇ ಒಳ್ಳೆಯದಾಯಿತು." ಹದಿನೈದು ವರ್ಷಗಳ ಹಿಂದಿನ ನನ್ನ ಸಣ್ಣತನಕ್ಕೆ ಮೂರು ಜೀವಗಳ ಸಾವನ್ನು ಸಮರ್ಥನೆಯಾಗಿ ಬಳಸಿದ್ದೆ. ಇದು ನನಗೆ ಅರಿವಾದದ್ದು ತಪಸ್ಸುಕಾಲದಲ್ಲಿ, ಪಾಪನಿವೇದನೆಗೆ ಸಿದ್ಧನಾಗುತ್ತಿದ್ದ ಒಂದು ಸಂಜೆ. ಅವರ ಆ ಮಾತು ತಪ್ಪೆಂಬ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ. ಆದರೆ ಅವರ ತಪ್ಪು ನನ್ನ ಲೆಕ್ಕವನ್ನು ಚುಕ್ತಾ ಮಾಡುವುದಿಲ್ಲ.

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಆಧುನಿಕ ಜಗತ್ತಿನಲ್ಲಿ ಧರ್ಮಸಭೆಯ ಕುರಿತು ಹೊರಡಿಸಿದ ಸಂವಿಧಾನದಲ್ಲಿ, ಪರರ ಸೇವೆಗಾಗಿ ಸಾರ್ವಜನಿಕ ಹೊಣೆಯನ್ನು ಹೊರುವವರು ಪ್ರಶಂಸೆಗೆ ಅರ್ಹರೆಂದು ಹೇಳಿದೆ. ನಮ್ಮ ಪ್ರಬೋಧನೆಗಳಲ್ಲಿ ಈ ಭಾಗ ಅಪರೂಪಕ್ಕೆ ಕೇಳಿಸುತ್ತದೆ. ಮಗ ಗುರುವಾದರೆ ಊರಿಗೆಲ್ಲ ಊಟ ಹಾಕುವ ನಾವು, ಮಗ ಪುರಸಭೆಗೆ ನಿಂತರೆ ಅವನ ಸಹವಾಸ ಕೆಟ್ಟಿತೆಂದು ಮರುಗುತ್ತೇವೆ. ಯಲಹಂಕ ಇಂದು ಬೆಂಗಳೂರು ಉತ್ತರದಲ್ಲಿಲ್ಲ. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಚಿಕ್ಕಬಳ್ಳಾಪುರಕ್ಕೆ ಸೇರಿತು. ಗಡಿಗಳು ಬದಲಾದವು, ಅಂಗಳದ ಆ ಮಾತು ಮಾತ್ರ ಬದಲಾಗಲಿಲ್ಲ.

ಷರೀಫರು 2018ರ ನವೆಂಬರ್ 25ರಂದು, ಜಾರ್ಜರು 2019ರ ಜನವರಿ 29ರಂದು ತೀರಿಕೊಂಡರು. ನಡುವೆ ಎರಡೇ ತಿಂಗಳು. ಜಾರ್ಜರು ಕೊನೆಯ ವರ್ಷಗಳಲ್ಲಿ ಮರೆವಿನ ಕಾಯಿಲೆಯಿಂದ ನರಳಿದ್ದರು. ಅವರ ದೇಹವನ್ನು ದಹಿಸಿ, ಚಿತಾಭಸ್ಮವನ್ನು ಕ್ರೈಸ್ತರ ಸಮಾಧಿಭೂಮಿಯಲ್ಲಿ ಹೂಳಲಾಯಿತು. ಮೊದಲು ದಹನವನ್ನೂ ಕಡೆಗೆ ಸಮಾಧಿಯನ್ನೂ ಬಯಸಿದ್ದ ಅವರ ಎರಡೂ ಇಚ್ಛೆಗಳು ಹೀಗೆ ನೆರವೇರಿದವೆಂದು ಆಪ್ತರು ತಿಳಿಸಿದರು.

ಆ ವಾರ ನಮ್ಮ ಬೀದಿಯ ಜಪಸರ ಪ್ರಾರ್ಥನೆ ನಮ್ಮ ಮನೆಯಲ್ಲಿತ್ತು. ತಂದೆಯವರು ಹೋಗಿ ಬಹಳ ಕಾಲವಾಗಿತ್ತು. ತಾಯಿಯವರಿಗೆ ಎಂಬತ್ತು ದಾಟಿತ್ತು. ಮೃತರ ಹೆಸರುಗಳನ್ನು ಓದುವಾಗ ಅವರು ಕುಳಿತಲ್ಲಿಂದಲೇ ಕೈಯೆತ್ತಿ, ಇನ್ನೊಂದು ಹೆಸರು ಸೇರಿಸಬೇಕೆಂದರು. ಯಾರೆಂದು ತಿಳಿದೊಡನೆ ಉಪದೇಶಿಗಳು ಹಿಂಜರಿದು, "ಅಮ್ಮಾ, ಅವರು ದೇವಾಲಯಕ್ಕೆ ಬರುತ್ತಿದ್ದರೋ ಇಲ್ಲವೋ, ದೊಡ್ಡ ರಾಜಕಾರಣಿ..." ಎಂದು ರಾಗ ಎಳೆದರು.

"ಬರೀ ಜಾರ್ಜ್ ಅಂತ ಹೇಳಪ್ಪಾ," ಎಂದರು ತಾಯಿ. "ಯಾರು ಅಂತ ದೇವರಿಗೆ ಗೊತ್ತಾಗುತ್ತೆ."