ಕುದುರೆಮರಿಯ ನಿಲುವು

ಕಿಶೋರ ಎಂಬ ಮಾತನ್ನು ನಾವು ಇಂದು ಹದಿಹರೆಯಕ್ಕೆ ಬಂದ ಹುಡುಗನಿಗೆ ಸಲ್ಲಿಸುತ್ತೇವೆ. ಅಮರಕೋಶವು ಅದನ್ನು ಹೇಳಿರುವುದು ಕುದುರೆಯ ಮರಿಗೆ. ನೀಳವಾದ ನಾಲ್ಕು ಕಾಲುಗಳ ಮೇಲೆ ಚಿಕ್ಕದೊಂದು ಮೈಯನ್ನು ಹೊತ್ತುಕೊಂಡು, ನಿಂತಲ್ಲಿ ನಿಲ್ಲದೆ, ಎರಡು ನೆಗೆತ ನೆಗೆದು ಮೂರನೆಯದಕ್ಕೆ ತಾಯಿಯ ಮಗ್ಗುಲಿಗೆ ಮರಳಿ ಬರುವ ಆ ಜೀವವನ್ನು ಒಮ್ಮೆ ಕಂಡವರಿಗೆ, ಈ ಹೆಸರು ಮನುಷ್ಯರ ಮಕ್ಕಳಿಗೂ ಏಕೆ ಒಪ್ಪಿತೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮರಿಯು ನೆಲಕ್ಕೆ ಬಿದ್ದೊಡನೆ ಅದರ ಗೊರಸನ್ನು ನೋಡಬೇಕು. ಗೊರಸಿನ ತಳದಲ್ಲಿ ಹಳದಿ ಬೆರೆತ ಬಿಳಿಯ ಬಣ್ಣದ, ಒದ್ದೆಯಾದ, ಉಗುರಿನಿಂದ ಚಿವುಟಿದರೆ ಕಿತ್ತುಬರುವಷ್ಟು ಮೆತ್ತಗಿನ ಎಸಳುಗಳು, ಎಳನೀರಿನ ಗಂಜಿಯನ್ನು ಸೀಳಿ ಅಂಟಿಸಿದ ಹಾಗೆ, ಜೋತುಬಿದ್ದಿರುತ್ತವೆ. ಮೊದಲ ಬಾರಿಗೆ ನೋಡುವವರು ಇದನ್ನು ಅಂಗವೈಕಲ್ಯವೆಂದೇ ತಿಳಿದು ಗಾಬರಿಗೊಳ್ಳುವುದುಂಟು. ಆದರೆ ಹನ್ನೊಂದು ತಿಂಗಳ ಕಾಲ, ಎಂದರೆ ಸುಮಾರು ೩೪೦ ದಿನ, ಗರ್ಭದೊಳಗೆ ಕಾಲಾಡಿಸಿಕೊಂಡಿದ್ದ ಮರಿಯ ಗೊರಸಿನ ಅಂಚು ತಾಯಿಯ ಗರ್ಭಕೋಶವನ್ನು ಗೀರದಂತೆ ಕಾಪಾಡಿದುದು ಈ ಎಸಳುಗಳೇ. ಮರಿ ಎದ್ದು ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ ಇಟ್ಟಿತೆಂದರೆ ಅವು ಒಣಗಿ, ಸವೆದು, ಉದುರಿಹೋಗುತ್ತವೆ. ಅವುಗಳ ಕೆಲಸ ಅಲ್ಲಿಗೆ ಮುಗಿಯಿತು.

ಆ ನಾಲ್ಕು ಹೆಜ್ಜೆಗಳನ್ನು ಇಡುವುದಕ್ಕೆ ಮರಿ ತೆಗೆದುಕೊಳ್ಳುವ ಕಾಲವು ಬಹಳ ಅಲ್ಪವಾದುದು. ಒಂದು ಗಂಟೆಯೊಳಗೆ ಎದ್ದು ನಿಲ್ಲಬೇಕು, ಎರಡು ಗಂಟೆಯೊಳಗೆ ಮೊಲೆಯುಣ್ಣಬೇಕು, ಮೂರು ಗಂಟೆಯೊಳಗೆ ತಾಯಿಯ ಮಾಸು ಪೂರ್ಣವಾಗಿ ಬೀಳಬೇಕು ಎಂಬುದು ಕುದುರೆ ಸಾಕುವವರು ಬೆರಳು ಮಡಿಸಿ ಎಣಿಸುವ ಲೆಕ್ಕ. ಬಯಲಿನಲ್ಲಿ ಹಿಂಸ್ರಪ್ರಾಣಿಗಳ ಕಣ್ಣೆದುರಿಗೆ ಹೆರಬೇಕಾಗಿದ್ದ ಜಾತಿಗೆ ಓಟವೊಂದೇ ರಕ್ಷೆಯಾಗಿದ್ದುದರಿಂದ, ಪ್ರಕೃತಿಯು ಈ ಮರಿಯಲ್ಲಿ ಉಳಿದೆಲ್ಲ ಅಂಗಗಳಿಗಿಂತ ಮೊದಲು ಕಾಲುಗಳನ್ನು ಸಿದ್ಧಪಡಿಸಿ ಕಳುಹಿಸಿತು. ಹುಟ್ಟುವಾಗ ಮರಿಯ ತೂಕ ತಾಯಿಯ ತೂಕದ ಹತ್ತರಲ್ಲೊಂದು ಭಾಗ, ಪಂದ್ಯದ ತಳಿಯಲ್ಲಿ ಸುಮಾರು ೫೦ ಕಿಲೋಗ್ರಾಂ. ಎತ್ತರವಾದರೋ ಆಗಲೇ ಬೆಳೆದ ಕುದುರೆಯ ಎತ್ತರದಲ್ಲಿ ನೂರಕ್ಕೆ ಅರವತ್ತರಷ್ಟು. ಆ ಎತ್ತರದ ಬಹುಪಾಲು ಕಾಲುಗಳದೇ.

ಕಾಲುಗಳನ್ನು ಕೊಟ್ಟ ಪ್ರಕೃತಿ ಒಂದನ್ನು ಮಾತ್ರ ಕೊಡದೆ ಕಳುಹಿಸಿದೆ, ಅದು ರೋಗವನ್ನು ಎದುರಿಸುವ ಪ್ರತಿಕಾಯಗಳ ಬುತ್ತಿ. ಮನುಷ್ಯಶಿಶುವಿಗೆ ಗರ್ಭದಲ್ಲಿಯೇ ತಾಯಿಯ ರಕ್ತದಿಂದ ಈ ಬುತ್ತಿ ದೊರೆಯುತ್ತದೆ. ಕುದುರೆಯ ಮಾಸಿನ ಪದರಗಳು ದಪ್ಪವಾಗಿರುವುದರಿಂದ ಪ್ರತಿಕಾಯಗಳು ಮರಿಯನ್ನು ತಲುಪುವಂತಿಲ್ಲ. ಅದಕ್ಕೆ ಬುತ್ತಿ ಕಟ್ಟಿರುವುದು ಕೆಚ್ಚಲಿನಲ್ಲಿ, ಗಿಣ್ಣುಹಾಲಿನ ರೂಪದಲ್ಲಿ. ದಪ್ಪಗೆ, ಅಂಟಂಟಾಗಿ, ಹಳದಿಯಾಗಿ ಇಳಿಯುವ ಆ ಹಾಲಿನ ಪ್ರತಿಕಾಯಗಳನ್ನು ಜೀರ್ಣಿಸದೆ ಇಡಿಯಾಗಿ ರಕ್ತಕ್ಕೆ ಸೇರಿಸಿಕೊಳ್ಳುವ ವಿಶೇಷ ಶಕ್ತಿ ಮರಿಯ ಕರುಳಿಗೆ ಹುಟ್ಟುವಾಗ ಇರುತ್ತದೆ. ಮೊದಲ ಆರೆಂಟು ಗಂಟೆ ಈ ಬಾಗಿಲು ಚೆನ್ನಾಗಿ ತೆರೆದಿದ್ದು, ಗಂಟೆ ಕಳೆದಂತೆ ಕಿರಿದಾಗುತ್ತ ಬಂದು, ಇಪ್ಪತ್ತನಾಲ್ಕು ಗಂಟೆಗಳ ಹೊತ್ತಿಗೆ ಮುಚ್ಚಿಹೋಗುತ್ತದೆ. ಅನಂತರ ಎಷ್ಟು ಗಿಣ್ಣು ಕುಡಿಸಿದರೂ ಅದು ಹೊಟ್ಟೆಗೆ ಆಹಾರವೇ ಹೊರತು ಮೈಗೆ ಕವಚವಲ್ಲ. ಮರಿಗೆ ಮೊದಲ ದಿನ ಒಂದೆರಡು ಲೀಟರಾದರೂ ಒಳ್ಳೆಯ ಗಿಣ್ಣು ಸಂದಿರಬೇಕು. ಸಂದಿತೇ ಎಂಬುದನ್ನು ಊಹೆಗೆ ಬಿಡಬೇಕಾಗಿಲ್ಲ. ಒಂದು ದಿನ ತುಂಬುವ ಹೊತ್ತಿಗೆ ವೈದ್ಯರು ಮರಿಯ ರಕ್ತವನ್ನು ಪರೀಕ್ಷಿಸುತ್ತಾರೆ. ಡೆಸಿಲೀಟರಿಗೆ ೮೦೦ ಮಿಲಿಗ್ರಾಂ ಪ್ರತಿಕಾಯವಿದ್ದರೆ ನೆಮ್ಮದಿ, ೪೦೦ಕ್ಕಿಂತ ಕಡಿಮೆಯಿದ್ದರೆ ಬೇರೊಂದು ಆರೋಗ್ಯವಂತ ಕುದುರೆಯ ರಕ್ತದ್ರವವನ್ನು ರಕ್ತನಾಳದ ಮೂಲಕ ಕೊಡಬೇಕಾಗುತ್ತದೆ.

ಮೈಕಟ್ಟಿನ ವಿಷಯವನ್ನು ಹೇಳಹೊರಟವನು ಹಾಲಿನ ವಿಷಯದಲ್ಲಿ ಇಷ್ಟು ನಿಂತುದಕ್ಕೆ ಕಾರಣವಿದೆ. ಕವಚವಿಲ್ಲದ ಮರಿಯ ಹೊಕ್ಕುಳಿನಿಂದಲೋ ಕರುಳಿನಿಂದಲೋ ಒಳಹೊಕ್ಕ ರೋಗಾಣುಗಳು ರಕ್ತದಲ್ಲಿ ಹರಿದು ಬಹಳವಾಗಿ ಹೋಗಿ ನೆಲಸುವುದು ಕೀಲುಗಳಲ್ಲಿ. ಇಂದು ಬೆಳಿಗ್ಗೆ ಕುಂಟದಿದ್ದ ಮರಿ ಸಂಜೆಗೆ ಕುಂಟಿದರೆ ತಾಯಿ ತುಳಿದಿರಬಹುದೆಂದು ಸಮಾಧಾನಪಟ್ಟುಕೊಳ್ಳುವುದು ವಾಡಿಕೆ. ಆ ಸಮಾಧಾನದ ಬೆಲೆಯಾಗಿ ಹಾಳಾದ ಮಂಡಿಗಳಿಗೆ ಲೆಕ್ಕವಿಲ್ಲ. ಎಳೆಯ ಮರಿಯ ಕುಂಟನ್ನು, ಹಾಗಲ್ಲವೆಂದು ಸಿದ್ಧವಾಗುವವರೆಗೆ, ಕೀಲಿನ ಸೋಂಕೆಂದೇ ಎಣಿಸಬೇಕು. ಹೊಕ್ಕುಳಿನ ತುಂಡನ್ನು ಮೊದಲ ಕೆಲವು ದಿನ ಹೊತ್ತುಹೊತ್ತಿಗೆ ಕ್ಲೋರ್‌ಹೆಕ್ಸಿಡಿನ್ ದ್ರಾವಣದಲ್ಲಿ ಅದ್ದುವ ಸಣ್ಣ ಕೆಲಸವು ಮರಿಯ ಕಾಲನ್ನು ಉಳಿಸುವ ಕೆಲಸವೂ ಹೌದು.

ಇನ್ನು ನಿಲುವಿನ ಮಾತು. ಶಾಲಿಹೋತ್ರನ ಹೆಸರಿನಲ್ಲಿ ಬೆಳೆದ ಅಶ್ವಶಾಸ್ತ್ರದ ಪರಂಪರೆ ನಮ್ಮ ದೇಶದಲ್ಲಿ ಪ್ರಾಚೀನವಾದುದು. ಕನ್ನಡದಲ್ಲಿಯೂ ಪದ್ಮಣಪಂಡಿತನ ಹಯಸಾರಸಮುಚ್ಚಯದಂತಹ ಗ್ರಂಥಗಳು ರಚಿತವಾದುವು. ತುಮಕೂರು ಜಿಲ್ಲೆಯ ಕುಣಿಗಲ್ಲಿನಲ್ಲಿ, ಟಿಪ್ಪುಸುಲ್ತಾನನ ಅಶ್ವದಳಕ್ಕಾಗಿ ಕುದುರೆಗಳನ್ನು ಬೆಳೆಸುತ್ತಿದ್ದ ನೆಲದಲ್ಲಿಯೇ, ಮುಂದೆ ಪಂದ್ಯದ ಕುದುರೆಗಳ ತಳಿಯನ್ನು ಬೆಳೆಸುವ ಕೆಲಸ ನಡೆದುಬಂದಿತು. ಇಷ್ಟು ಹಳೆಯ ಪರಿಚಯವಿದ್ದ ನಾಡಿನಲ್ಲಿ ಕುದುರೆಯನ್ನು ನೋಡುವ ಕಣ್ಣು ಪಳಗಿದುದು ಸಹಜವೇ. ಆದರೆ ಆ ಕಣ್ಣು ಎಷ್ಟೋ ವೇಳೆ ಮೊದಲು ಹುಡುಕುತ್ತಿದ್ದುದು ಸುಳಿಯನ್ನು. ಹಣೆಯ ಮೇಲೆ ಎಷ್ಟು ಸುಳಿ, ಕೊರಳಿನಲ್ಲಿ ದೇವಮಣಿಯೆಂಬ ಸುಳಿ ಇದೆಯೇ, ಯಾವ ಸುಳಿ ಒಡೆಯನಿಗೆ ಆಗಿಬರುತ್ತದೆ ಎಂಬ ವಿಚಾರ ಇಂದಿಗೂ ಕುದುರೆ ಕೊಳ್ಳುವವರ ನಡುವೆ ಬತ್ತಿಲ್ಲ. ಹಿರಿಯರ ಮೇಲಣ ಗೌರವವನ್ನು ಬಿಡದೆಯೇ ಹೇಳುತ್ತೇನೆ: ಸುಳಿಯು ಮರಿ ಹುಟ್ಟಿದಂದು ಇದ್ದಂತೆಯೇ ಮುಪ್ಪಿನವರೆಗೂ ಇರುತ್ತದೆ, ಅದನ್ನು ಇಂದು ನೋಡಿದರೂ ಒಂದೇ, ಹತ್ತು ವರ್ಷದ ಮೇಲೆ ನೋಡಿದರೂ ಒಂದೇ. ಕಾಲು ಹಾಗಲ್ಲ. ಅದು ವಾರಕ್ಕೊಂದು ರೂಪವನ್ನು ತಾಳುತ್ತದೆ, ಮತ್ತು ಅದನ್ನು ತಿದ್ದಬಹುದಾದ ದಿನಗಳು ಎಣಿಕೆಯವು. ಕಣ್ಣು ಮೊದಲು ಹೋಗಬೇಕಾದುದು ಅಲ್ಲಿಗೆ.

ಮೂರು ದಿನಕ್ಕೆ, ಮೂರು ವಾರಕ್ಕೆ, ಮೂರು ತಿಂಗಳಿಗೆ ನೋಡಿ, ಆಮೇಲೆ ಮೂರು ವರ್ಷಕ್ಕೆ ನೋಡಿ ಎಂಬುದು ಪಶ್ಚಿಮದ ಕುದುರೆ ಸಾಕಣೆಗಾರರಲ್ಲಿ ರೂಢಿಯಲ್ಲಿರುವ ಮಾತು; ಆ ಹೊತ್ತುಗಳಲ್ಲಿ ಮರಿಯ ಅಂಗಗಳ ಪರಸ್ಪರ ಪ್ರಮಾಣವು ಮುಂದೆ ಬೆಳೆದಾಗಿನ ಪ್ರಮಾಣವನ್ನು ಹೋಲುತ್ತದೆಂದು ಅವರ ಅನುಭವ. ನಡುವಣ ತಿಂಗಳುಗಳಲ್ಲಿ ಹಿಂಭಾಗ ಎತ್ತರವಾಗಿ, ಕೊರಳು ಗಿಡ್ಡಾಗಿ, ತಲೆ ದೊಡ್ಡದಾಗಿ ಕಾಣುವ ಮರಿಯನ್ನು ಕಂಡು ಒಡೆಯನು ನಿರಾಶನಾಗಬೇಕಾಗಿಲ್ಲ. ಹೆಗಲಿನ ಓರೆ, ಬೆನ್ನಿನ ಉದ್ದ, ಹಿಂಗಾಲಿನ ಕೋನ ಇವು ಎಲುಬಿನಲ್ಲಿ ಬರೆದಿಟ್ಟ ವಿಷಯಗಳು; ಮೂರು ದಿನದ ಮರಿಯಲ್ಲಿ ಇವನ್ನು ಓದಿಕೊಳ್ಳಬಹುದು, ತಿದ್ದಲಾಗದು. ತಿದ್ದಬಹುದಾದುದು ಕೆಳಗಿನ ಕಾಲು.

ಅದನ್ನು ನೋಡುವ ಕ್ರಮ ಹೀಗೆ. ಮರಿಯನ್ನು ಸಮನಾದ ಗಟ್ಟಿನೆಲದ ಮೇಲೆ ನಿಲ್ಲಿಸಿ, ಅದರ ಮುಖದ ಎದುರಿಗೆ ನಿಲ್ಲದೆ, ಒಂದೊಂದು ಮುಂಗಾಲಿನ ಎದುರಿಗೂ ಬೇರೆಬೇರೆಯಾಗಿ ನಿಂತು, ಹೆಗಲಿನ ಮುಂತುದಿಯಿಂದ ಮಂಡಿಯ ನಡುವೆ ಹಾದು ಗೊರಸಿನ ನಡುವಿಗೆ ಬರುವ ಒಂದು ನೂಲನ್ನು ಮನಸ್ಸಿನಲ್ಲಿಯೇ ಇಳಿಬಿಡಬೇಕು. ಗೊರಸು ಹೊರಕ್ಕೆ ತಿರುಗಿದ್ದರೆ ಮಂಡಿ ಯಾವ ಕಡೆ ನೋಡುತ್ತಿದೆ ಎಂಬುದನ್ನು ಗಮನಿಸಬೇಕು. ಮಂಡಿಯೂ ಗೊರಸೂ ಒಂದೇ ದಿಕ್ಕಿಗೆ ಹೊರಮುಖವಾಗಿದ್ದರೆ ಇಡೀ ಕಾಲು ಹೆಗಲಿನಿಂದಲೇ ತಿರುಗಿದೆಯೆಂದು ಅರ್ಥ; ಎಳೆಯ ಮರಿಯ ಎದೆ ಕಿರಿದಾಗಿರುವುದರಿಂದ ಹೀಗಾಗುವುದು ಸಹಜ, ಎದೆ ಅಗಲವಾದಂತೆ ಕಾಲು ತಾನಾಗಿಯೇ ಮುಂದಕ್ಕೆ ತಿರುಗುತ್ತದೆ. ಇಲ್ಲಿ ಅವಸರಪಟ್ಟು ಗೊರಸನ್ನು ಕೆತ್ತಿ ಕಾಲನ್ನು ನೇರಮಾಡಿದವನು, ಎದೆ ಬೆಳೆದ ಮೇಲೆ ಒಳಕ್ಕೆ ತಿರುಗಿದ ಕಾಲನ್ನು ನೋಡಬೇಕಾಗುತ್ತದೆ. ಮಂಡಿ ನೇರವಾಗಿ ಮುಂದೆ ನೋಡುತ್ತಿದ್ದು ಅದರ ಕೆಳಗಿನ ಕಾಲು ಮಾತ್ರ ಹೊರಕ್ಕೆ ಸರಿದಿದ್ದರೆ ಅದು ಬೇರೆ ಸಂಗತಿ: ಎಲುಬು ಒಂದು ಪಕ್ಕದಲ್ಲಿ ಹೆಚ್ಚು, ಇನ್ನೊಂದು ಪಕ್ಕದಲ್ಲಿ ಕಡಿಮೆ ಬೆಳೆದಿದೆ.

ಎಳೆಯ ಎಲುಬು ಉದ್ದವಾಗುವುದು ಅದರ ತುದಿಯ ಸಮೀಪದಲ್ಲಿರುವ ಮೆತ್ತನೆಯ ಮೃದ್ವಸ್ಥಿಯ ಬಿಲ್ಲೆಯಲ್ಲಿ. ಕಾಲು ಅಲ್ಪವಾಗಿ ಸೊಟ್ಟಗಿದ್ದರೆ ಭಾರ ಹೆಚ್ಚು ಬೀಳುವ ಪಕ್ಕದ ಬಿಲ್ಲೆ ಆ ಒತ್ತಡದಿಂದಲೇ ಚುರುಕುಗೊಂಡು ಬೇಗ ಬೆಳೆದು ಸೊಟ್ಟನ್ನು ತಿದ್ದಿಕೊಳ್ಳುತ್ತದೆ; ಸೊಟ್ಟು ಮಿತಿಮೀರಿದರೆ ಅದೇ ಒತ್ತಡವು ಬಿಲ್ಲೆಯನ್ನು ಹೊಸಕಿ ಬೆಳವಣಿಗೆಯನ್ನು ತಡೆದು ಸೊಟ್ಟನ್ನು ಹೆಚ್ಚಿಸುತ್ತದೆ. ಹುಟ್ಟಿದ ಮರಿಯ ಮಂಡಿಯಲ್ಲಿ ಸುಮಾರು ಐದು ಡಿಗ್ರಿಯೊಳಗಿನ ಹೊರವಾಲು ಅಂಜಿಕೆಗೆ ಕಾರಣವಲ್ಲ, ಅದಕ್ಕಿಂತ ಹೆಚ್ಚಾದುದಕ್ಕೆ ವೈದ್ಯರ ಕಣ್ಣು ಬೇಕು ಎಂಬುದು ಈ ಕಾರಣದಿಂದ. ಆದರೆ ಎಲ್ಲ ಬಿಲ್ಲೆಗಳಿಗೂ ಒಂದೇ ಆಯುಸ್ಸಿಲ್ಲ. ಮಂಡಿಯ ಮೇಲಣದು ಒಂದು ವರ್ಷ ದಾಟಿಯೂ ತೆರೆದಿರುತ್ತದೆಯಾದರೂ ಅದರ ಚುರುಕು ಮೊದಲ ಕೆಲವು ತಿಂಗಳುಗಳದು. ಗೊರಸಿನ ಮೇಲಣ ಗೆಣ್ಣಿನ ಬಳಿಯದಾದರೋ ಮೂರು ತಿಂಗಳಿಗೇ ತನ್ನ ಕೆಲಸವನ್ನು ಬಹುಮಟ್ಟಿಗೆ ಮುಗಿಸಿಬಿಡುತ್ತದೆ. ಗೆಣ್ಣಿನ ಸೊಟ್ಟನ್ನು ಎರಡು ತಿಂಗಳು ತುಂಬುವುದರೊಳಗೆ ತಿದ್ದದೆ, ಮರಿ ದೊಡ್ಡದಾಗಲಿ ನೋಡೋಣವೆಂದು ಕುಳಿತವನಿಗೆ ಅನಂತರ ನೋಡುವುದಲ್ಲದೆ ಮಾಡುವುದೇನೂ ಉಳಿಯುವುದಿಲ್ಲ.

ತಿದ್ದುವ ಸಾಧನಗಳಲ್ಲಿ ಮೊದಲನೆಯದು ಗೊರಸಿನ ಅರ. ಮೂರು ನಾಲ್ಕು ವಾರದ ಹೊತ್ತಿಗೆ ಪಳಗಿದ ಕೈಯವನೊಬ್ಬನು ಸಮವಿಲ್ಲದೆ ಸವೆದ ಅಂಚನ್ನು ಅಷ್ಟಷ್ಟೇ ಉಜ್ಜಿ, ಹೊರವಾಲಿನ ಕಾಲಿನಲ್ಲಿ ಹೊರ ಅಂಚನ್ನು, ಒಳವಾಲಿನದರಲ್ಲಿ ಒಳ ಅಂಚನ್ನು ತಗ್ಗಿಸಿ, ತಿಂಗಳಿಗೊಮ್ಮೆಯಾದರೂ ಮರಳಿ ನೋಡುತ್ತಿದ್ದರೆ ಎಷ್ಟೋ ಕಾಲುಗಳು ನೇರವಾಗುತ್ತವೆ. ಇದಕ್ಕೆ ಬಗ್ಗದವಕ್ಕೆ ಬೇಗ ಬೆಳೆಯುತ್ತಿರುವ ಪಕ್ಕದ ಬಿಲ್ಲೆಗೆ ಅಡ್ಡಲಾಗಿ ತಿರುಪುಮೊಳೆಯನ್ನು ಹೂಡಿ, ಇನ್ನೊಂದು ಪಕ್ಕ ಸರಿಗಟ್ಟಿದೊಡನೆ ಅದನ್ನು ತೆಗೆದುಬಿಡುವ ಶಸ್ತ್ರಚಿಕಿತ್ಸೆಯುಂಟು. ದಿನ ತುಂಬದೆ ಹುಟ್ಟಿದ ಮರಿಯ ವಿಷಯದಲ್ಲಿ ಮಾತ್ರ ಎಚ್ಚರ ಬೇರೆಯೇ: ಮಂಡಿಯ ಮತ್ತು ಹಿಂಗಾಲಿನ ಮಡಿಕೆಯ ಸಣ್ಣ ಎಲುಬುಗಳು ಇನ್ನೂ ಎಲುಬಾಗಿರುವುದಿಲ್ಲ, ಮೆತ್ತನೆಯ ಅಚ್ಚುಗಳಾಗಿರುತ್ತವೆ. ಅಂಥ ಮರಿಯನ್ನು ಬಯಲಿಗೆ ಬಿಟ್ಟರೆ ಆ ಅಚ್ಚುಗಳು ಜಜ್ಜಿಹೋಗಿ ಜೀವನಪರ್ಯಂತ ಕುಂಟು ಉಳಿಯುತ್ತದೆ. ಎಕ್ಸ್‌ರೇ ತೆಗೆಸಿ, ಅವು ಗಟ್ಟಿಯಾಗುವವರೆಗೆ ಲಾಯದೊಳಗೆ ಕಟ್ಟುನಿಟ್ಟಾಗಿ ಇರಿಸಬೇಕು.

ಪಕ್ಕದಿಂದ ನೋಡಿದಾಗ ಕಾಣುವ ದೋಷಗಳು ಸ್ನಾಯುರಜ್ಜುಗಳವು. ಕೆಲವು ಮರಿಗಳ ರಜ್ಜು ಸಡಿಲವಾಗಿದ್ದು ಗೆಣ್ಣು ನೆಲದತ್ತ ಕುಸಿದು ಗೊರಸಿನ ತುದಿ ಮೇಲಕ್ಕೆದ್ದಿರುತ್ತದೆ. ನೋಡುವುದಕ್ಕೆ ಭಯವಾದರೂ ಗಟ್ಟಿನೆಲದ ಮೇಲಣ ಮಿತವಾದ ನಡಿಗೆಯಿಂದ ಒಂದೆರಡು ವಾರದಲ್ಲಿ ಬಹಳಷ್ಟು ಸರಿಹೋಗುತ್ತದೆ. ದಪ್ಪವಾಗಿ ಪಟ್ಟಿ ಸುತ್ತಿದರೆ ಸಡಿಲ ಇನ್ನೂ ಹೆಚ್ಚುತ್ತದೆ. ಬಿಗಿಯಾದ ರಜ್ಜುಗಳು ಇದಕ್ಕೆ ವಿರುದ್ಧ: ಗೆಣ್ಣು ಮುಂದಕ್ಕೆ ಮಡಿಚಿಕೊಂಡು ಮರಿ ನಿಲ್ಲಲಾರದು, ನಿಲ್ಲಲಾರದ ಮರಿ ಮೊಲೆಯುಣ್ಣಲಾರದು, ಗಿಣ್ಣಿನ ಬಾಗಿಲು ಮುಚ್ಚುತ್ತ ಹೋಗುತ್ತದೆ. ಮೊದಲ ದಿನಗಳಲ್ಲಿ ವೈದ್ಯರು ಆಕ್ಸಿಟೆಟ್ರಾಸೈಕ್ಲಿನ್ ಔಷಧವನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟು ರಜ್ಜುಗಳನ್ನು ಸಡಿಲಿಸುವುದುಂಟು. ಮೂತ್ರಪಿಂಡಗಳಿಗೆ ಅಪಾಯವಾಗಬಲ್ಲ ಈ ಮದ್ದು ಲಾಯದವರು ತಾವೇ ಚುಚ್ಚತಕ್ಕುದಲ್ಲ.

ಮುಂದಿನ ತಿಂಗಳುಗಳ ಪಾಲನೆಯನ್ನು ಚಿಕ್ಕದಾಗಿ ಹೇಳಿದರೆ ಸಾಕು. ಒಂದರಿಂದ ಎರಡು ವಾರದ ನಡುವೆ ಬರುವ ತೆಳುಭೇದಿ, ಮರಿ ಚುರುಕಾಗಿದ್ದು ಹಾಲು ಕುಡಿಯುತ್ತಿದ್ದರೆ, ತಾನೇ ನಿಲ್ಲುತ್ತದೆ. ಮರಿ ತಾಯಿಯ ಲದ್ದಿಯನ್ನು ತಿನ್ನುವುದು ಕೆಟ್ಟ ಚಾಳಿಯಲ್ಲ, ಹುಲ್ಲನ್ನು ಅರಗಿಸುವ ಸೂಕ್ಷ್ಮಜೀವಿಗಳನ್ನು ಅದು ಹಾಗೆ ಸಂಪಾದಿಸಿಕೊಳ್ಳುತ್ತದೆ. ಎರಡು ತಿಂಗಳಿಗೆ ಜಂತುಹುಳುವಿನ ಔಷಧ, ನಾಲ್ಕರಿಂದ ಆರು ತಿಂಗಳ ನಡುವೆ ಧನುರ್ವಾಯುವಿನ ಲಸಿಕೆ; ಧೂಳೇಳುವ ಅಂಗಳವನ್ನು ತಪ್ಪಿಸಬೇಕು, ಏಕೆಂದರೆ ಈ ವಯಸ್ಸಿನ ಶ್ವಾಸಕೋಶವನ್ನು ಹಾಳುಮಾಡುವ ಒಂದು ರೋಗಾಣು ಆ ಧೂಳಿನಲ್ಲಿಯೇ ವಾಸಿಸುತ್ತದೆ. ಮರಿ ಬೇಗ ದೊಡ್ಡದಾಗಲೆಂದು ಮಿತಿಮೀರಿ ಧಾನ್ಯ ತಿನ್ನಿಸುವ ಪ್ರೀತಿಯನ್ನು ನಾನು ಒಪ್ಪುವುದಿಲ್ಲ. ಎಲುಬಿನ ಬೆಳವಣಿಗೆ ಮೈಯ ತೂಕದೊಡನೆ ಹೆಜ್ಜೆ ಹಾಕಲಾರದೆ ಕೀಲುಗಳು ಕೆಡುತ್ತವೆ.

ಕುದುರೆ ಸಾಕುವ ಮನೆಯವರಲ್ಲಿ ನನ್ನದೊಂದು ಬಿನ್ನಹ. ಮರಿಯ ಮೈಯ ಶಾಖ ೯೯ರಿಂದ ೧೦೨ ಡಿಗ್ರಿ ಫ್ಯಾರನ್‌ಹೀಟ್ ಇರಬೇಕೆಂಬುದು ನೆನಪಿರಲಿ, ಆದರೆ ಶಾಖಮಾಪಕವನ್ನು ಹುಡುಕುವುದಕ್ಕೆ ಮೊದಲು ತಾಯಿಯ ಕೆಚ್ಚಲನ್ನು ನೋಡಿರಿ. ಆರೋಗ್ಯವಾದ ಎಳೆಮರಿ ಗಂಟೆಗೆ ಹಲವು ಸಲ ಕುಡಿಯುವುದರಿಂದ ಕೆಚ್ಚಲು ಬಿಗಿಯುವುದಕ್ಕೆ ಅವಕಾಶವಿರುವುದಿಲ್ಲ. ಕೆಚ್ಚಲು ತುಂಬಿ ಬಿಗಿದು ಹಾಲು ತಾನಾಗಿ ತೊಟ್ಟಿಕ್ಕುತ್ತಿದ್ದು, ಅದರ ಕೆಳಗೆ ನಿಂತ ಮರಿಯ ಹಣೆಯ ಮೇಲೆ ಹಾಲು ಹರಿದು ಒಣಗಿದ ಗುರುತಿದ್ದರೆ, ಮರಿ ಕುಡಿಯಹೋಗಿ ಕುಡಿಯಲಾರದೆ ನಿಂತಿದೆ. ಬೆಳಗಾಗಲಿ ಎನ್ನದೆ ಆ ಗಳಿಗೆಯಲ್ಲಿಯೇ ವೈದ್ಯರಿಗೆ ಹೇಳಿಕಳುಹಿಸಿರಿ.