ಅಜವಾನದ ಘಮ ಮತ್ತು ಬ್ಯಾಕ್ಟೀರಿಯಾ

ಮಕ್ಕಳೇ, ಸಂತೆಯಲ್ಲಿ ಬಿಸಿ ಮಿರ್ಚಿ ತಿನ್ನುವಾಗ ಹಲ್ಲಿಗೆ ಸಿಕ್ಕ ಸಣ್ಣ ಕಾಳೊಂದು ಘಮ್ಮೆಂದು ನಾಲಿಗೆಯನ್ನು ಚುರುಗುಟ್ಟಿಸುತ್ತದೆ. ಅದೇ ಅಜವಾನ. ಓಂಕಾಳು ಎಂದರೂ ಅದೇ, ತೆಲುಗಿನಲ್ಲಿ ವಾಮು. ಗಿಲ್ಲೆಸುಗೂರಿನಿಂದ ಮಂತ್ರಾಲಯದ ಕಡೆಗೆ ಹೋಗಿ ತುಂಗಭದ್ರೆ ದಾಟಿದರೆ ಸಿಗುವ ಕರ್ನೂಲು ಸೀಮೆಯ ಹೊಲಗಳಲ್ಲಿ ಇದನ್ನು ಬೆಳೆಯುತ್ತಾರೆ.

ಈ ಘಮ ಬರುವುದು ಕಾಳಿನಲ್ಲಿರುವ ಸುಗಂಧ ತೈಲದಿಂದ. ಕಾಳಿನ ತೂಕದಲ್ಲಿ ಅದು ನೂರಕ್ಕೆ 2ರಿಂದ 4 ಭಾಗ ಮಾತ್ರ. ಸುಗಂಧ ತೈಲ ಶೇಂಗಾ ಎಣ್ಣೆಯಂಥದಲ್ಲ. ಒಂದು ಕಾಗದದ ಮೇಲೆ ಒಂದು ಹನಿ ಶೇಂಗಾ ಎಣ್ಣೆ, ಪಕ್ಕದಲ್ಲಿ ಒಂದು ಹನಿ ನೀಲಗಿರಿ ತೈಲ ಹಾಕಲು ನಿಮ್ಮ ಗುರುಗಳನ್ನು ಕೇಳಿ. ಮರುದಿನ ನೋಡಿದರೆ ಶೇಂಗಾ ಎಣ್ಣೆಯ ಕಲೆ ಹಾಗೆಯೇ ಇರುತ್ತದೆ. ನೀಲಗಿರಿಯದು ಬಹುಮಟ್ಟಿಗೆ ಮಾಯವಾಗಿರುತ್ತದೆ! ಸುಗಂಧ ತೈಲ ಆವಿಯಾಗಿ ಹೋಗುತ್ತದೆ. ಆ ಆವಿ ಮೂಗಿಗೆ ತಲುಪಿದಾಗ ನಮಗೆ ವಾಸನೆ ತಿಳಿಯುತ್ತದೆ.

ಅಜವಾನದ ತೈಲದಲ್ಲಿರುವ ಮುಖ್ಯ ವಸ್ತು ಥೈಮಾಲ್. ಅದು ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ. ಬ್ಯಾಕ್ಟೀರಿಯಾದ ಒಳಭಾಗವನ್ನು ಸುತ್ತುವರಿದ ತೆಳು ಪೊರೆಯಲ್ಲಿ ಕೊಬ್ಬಿನ ಅಂಶವಿದೆ. ಥೈಮಾಲ್ ಆ ಪೊರೆಯೊಳಗೆ ನುಸುಳಿ ಅದನ್ನು ಸಡಿಲಗೊಳಿಸುತ್ತದೆ. ತೂತುಬಿದ್ದ ಕೊಡದಿಂದ ನೀರು ಸೋರುವಂತೆ ಒಳಗಿನ ಲವಣಗಳು ಸೋರಿ ಬ್ಯಾಕ್ಟೀರಿಯಾ ಸಾಯುತ್ತದೆ. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಗುವವರೆಗೆ ನಮ್ಮ ದೇಶದ ಅಜವಾನ ಹಡಗೇರಿ ಜರ್ಮನಿಗೆ ಹೋಗುತ್ತಿತ್ತು, ಥೈಮಾಲ್ ತೆಗೆಯುವುದಕ್ಕಾಗಿ! ಬಾಯಿ ಮುಕ್ಕಳಿಸುವ ಕೆಲವು ಔಷಧಗಳಲ್ಲಿ ಇಂದಿಗೂ ಥೈಮಾಲ್ ಇರುತ್ತದೆ.

ಹಾಗಾದರೆ ಸುಗಂಧ ತೈಲ ಕುಡಿದರೆ ಹೊಟ್ಟೆಯೊಳಗಿನ ರೋಗಾಣುಗಳೂ ಸಾಯಬೇಕಲ್ಲವೇ? ಇಲ್ಲಿಯೇ ಎಚ್ಚರ ಬೇಕು. ನಮ್ಮ ಜೀವಕೋಶಗಳಿಗೂ ಕೊಬ್ಬಿನ ಪೊರೆಯೇ ಇದೆ. ರೋಗಾಣುವನ್ನು ಕೊಲ್ಲುವಷ್ಟು ತೈಲ ನುಂಗಿದರೆ ಪೆಟ್ಟು ನಮಗೂ ಬೀಳುತ್ತದೆ. ಚಿಟಿಕೆ ಅಜವಾನ ತಿಂದರೆ ತೊಂದರೆಯಿಲ್ಲ. ಬಾಟಲಿಯ ತೈಲದ ಮಾತು ಬೇರೆ. ಒಂದು ಚಮಚ ನೀಲಗಿರಿ ತೈಲ ಕುಡಿದರೂ ಸಣ್ಣ ಮಗುವಿಗೆ ಪ್ರಜ್ಞೆ ತಪ್ಪಬಹುದು, ಫಿಟ್ಸ್ ಬರಬಹುದು. ನಿಮ್ಮ ಮನೆಯಲ್ಲಿ ಆ ಬಾಟಲಿ ತಮ್ಮ ತಂಗಿಯರ ಕೈಗೆ ಸಿಗುವಂತಿದೆಯೇ? ಇಂದೇ ಮೇಲಕ್ಕೆ ಇಡಿಸಿ. ಯಾರಾದರೂ ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ. ಬಾಟಲಿಯ ಸಮೇತ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

‘ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ’ ಎಂದು ಕೆಲವು ತೈಲಗಳ ಬಾಟಲಿಯ ಮೇಲೆ ಬರೆದಿರುತ್ತಾರೆ. ನೆಗಡಿಯಾದಾಗ ನೀಲಗಿರಿಯ ವಾಸನೆ ಹಿತವೆನಿಸುವುದು ನಿಜ, ಆದರೆ ಹಿತವೇ ಬೇರೆ, ರಕ್ಷಣೆಯೇ ಬೇರೆ. ದೇಹದಲ್ಲಿ ರೋಗಾಣುವಿನೊಡನೆ ಹೋರಾಡುವುದು ಬಿಳಿ ರಕ್ತಕಣಗಳು. ಇಂಥ ರೋಗಾಣುವನ್ನು ಹೀಗೆ ಗುರುತಿಸು ಎಂದು ಅವಕ್ಕೆ ಮೊದಲೇ ಕಲಿಸಿಕೊಡುವುದು ಲಸಿಕೆ. ಧನುರ್ವಾಯು, ಗಂಟಲಮಾರಿ ಇವೆರಡೂ ಬ್ಯಾಕ್ಟೀರಿಯಾದಿಂದ ಬರುವ ರೋಗಗಳೇ. ಇವನ್ನು ತಡೆಯುವ ಟಿಡಿ ಲಸಿಕೆಯನ್ನು 10 ಮತ್ತು 16ನೆಯ ವಯಸ್ಸಿನಲ್ಲಿ ಉಚಿತವಾಗಿ ಹಾಕುತ್ತಾರೆ. ನಿಮಗೆ 10ನೆಯ ವಯಸ್ಸಿನದು ಆಗಿದೆಯೇ? ಮನೆಯಲ್ಲಿ ವಿಚಾರಿಸಿ, ಆಗಿಲ್ಲದಿದ್ದರೆ ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿ.